ಶಬ್ದವೇಧಿಗಳ ಆಟ

ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟವನ್ನು ಹತ್ತಿದವರಿಗೆ ರಾಮಾಯಣದ ಕಥೆಯನ್ನು ಬೇರೆಯಾಗಿ ಹೇಳಬೇಕಾದ ಅಗತ್ಯವಿಲ್ಲ. ವಾಲ್ಮೀಕಿಯ ಆಶ್ರಮವಿದ್ದುದೂ ಲವಕುಶರು ಹುಟ್ಟಿದುದೂ ಅಲ್ಲಿಯೇ ಎಂಬುದು ಆ ಸೀಮೆಯ ಜನರ ನಂಬಿಕೆ. ಆ ಕಾವ್ಯದಲ್ಲಿ ಅಂಧರ ಪ್ರಸಕ್ತಿ ಬರುವುದು ಒಂದು ಮಹಾದುಃಖದ ಎಡೆಯಲ್ಲಿ. ಶಬ್ದವೇಧಿಯೆಂದು ಹೆಸರಾದ ದಶರಥನು ಯೌವನದ ಮದದಲ್ಲಿ, ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣವನ್ನು ಬಿಟ್ಟನು. ಸತ್ತವನು ಅಂಧರಾದ ತಾಯಿತಂದೆಗಳ ಮಗ. ಸದ್ದನ್ನು ಹಿಡಿದು ಗುರಿಯಿಡುವ ವಿದ್ಯೆ ಕಣ್ಣುಳ್ಳವನದಾಗಿತ್ತು. ಕಣ್ಣಿಲ್ಲದವರ ಪಾಲಿಗೆ ಬಂದುದು ಶೋಕ. ಆ ವಿದ್ಯೆ ಕಣ್ಣಿಲ್ಲದವರ ಕೈಗೇ ಬಂದರೆ ಏನಾದೀತೆಂಬುದನ್ನು 2012ನೆಯ ಡಿಸೆಂಬರಿನಲ್ಲಿ ಬೆಂಗಳೂರು ಕಂಡಿತು.

ಅಂಧರ ಟಿ-20 ಕ್ರಿಕೆಟ್ಟಿನ ಮೊದಲನೆಯ ವಿಶ್ವಕಪ್ ಅಲ್ಲಿ ನಡೆಯಿತು. ಒಂಬತ್ತು ದೇಶಗಳ ತಂಡಗಳು ಬಂದಿದ್ದವು. ಕೋಲಾರದಿಂದ ಬಸ್ಸಿನಲ್ಲಿ ಹೋಗಿ ಮೆಜೆಸ್ಟಿಕ್ಕಿನಲ್ಲಿ ಇಳಿದವರು ನಡೆದೇ ತಲುಪಬಹುದಾದ ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ 13ನೆಯ ತಾರೀಖು ಅಂತಿಮ ಪಂದ್ಯವಾಯಿತು. ಎ. ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ಣಾಟಕ'ವನ್ನು ಹುಟ್ಟುಹಾಕಿದ ಕಾಲೇಜೆಂದೇ ಸಾಹಿತ್ಯಾಸಕ್ತರು ಅದನ್ನು ಬಲ್ಲರು. ಭಾರತವು 258 ಓಟಗಳನ್ನು ಗಳಿಸಿ, ಪಾಕಿಸ್ತಾನವನ್ನು 29 ಓಟಗಳ ಅಂತರದಿಂದ ಸೋಲಿಸಿತು. ಗೆದ್ದ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಇವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು.

ಆಟದ ಕ್ರಮವು ಆಲೋಚಿಸತಕ್ಕದ್ದಾಗಿದೆ. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಬೇರಿಂಗಿನ ಉಕ್ಕಿನ ಗುಂಡುಗಳಿದ್ದು, ಉರುಳಿದಂತೆಲ್ಲ ಗಲಗಲನೆ ಸದ್ದು ಮಾಡುತ್ತದೆ. ಬೌಲರನು 'ರೆಡಿ?' ಎಂದು ಕೇಳಿ, ಬ್ಯಾಟುಗಾರನು 'ಯೆಸ್' ಎಂದ ಮೇಲೆ 'ಪ್ಲೇ' ಎಂದು ಕೂಗಿ, ಕೈಯನ್ನು ಭುಜದ ಮೇಲಕ್ಕೆ ಎತ್ತದೆ ಚೆಂಡನ್ನು ಬಿಡಬೇಕು. ಅದು ಪಿಚ್ಚಿನ ನಡುಭಾಗವನ್ನು ದಾಟುವ ಮೊದಲೇ ನೆಲವನ್ನು ತಾಗಬೇಕು. ಬ್ಯಾಟುಗಾರನು ಮೊಣಕಾಲೂರಿ, ಕಸ ಗುಡಿಸುವಂತೆ ಬ್ಯಾಟನ್ನು ನೆಲದುದ್ದಕ್ಕೂ ಬೀಸುತ್ತಾನೆ. ಒಂದು ಕ್ಷಣ ಮುಂಚಾದರೂ ತಡವಾದರೂ ಸ್ಟಂಪು ಬೀಳುವುದೇ ಸರಿ.

ಹನ್ನೊಂದು ಜನರಲ್ಲಿ ನಾಲ್ವರಾದರೂ ಪೂರ್ಣಾಂಧರಿರಬೇಕೆಂಬುದು ನಿಯಮ. ಉಳಿದವರಿಗೆ ಅಲ್ಪಸ್ವಲ್ಪ ದೃಷ್ಟಿಯಿರಬಹುದು. ಪೂರ್ಣಾಂಧನು ಹೊಡೆದ ಓಟ ಎರಡೆಂದು ಲೆಕ್ಕ. ಒಮ್ಮೆ ನೆಲಕ್ಕೆ ಪುಟಿದ ಚೆಂಡನ್ನು ಅವನು ಹಿಡಿದರೂ ಕ್ಯಾಚೇ. ಇದನ್ನು ಕೆಲವರು ಭಿಕ್ಷೆಯೆಂದು ಬಗೆಯುವುದುಂಟು. ಅದು ಸರಿಯಲ್ಲ. ಗೆಲ್ಲಬೇಕೆಂಬ ನಾಯಕನು ಕಾಣದವನನ್ನು ಮೂಲೆಯಲ್ಲಿ ನಿಲ್ಲಿಸಿ ಮರೆಯುವುದು ಸಹಜ. ಓಟವನ್ನು ಇಮ್ಮಡಿಗೊಳಿಸಿದೊಡನೆ ಅವನೇ ತಂಡಕ್ಕೆ ಬೇಕಾದವನಾಗುತ್ತಾನೆ. ಕರುಣೆ ಮಾಡಲಾರದ ಕೆಲಸವನ್ನು ಲೆಕ್ಕವು ಮಾಡಿದೆ. ಶೀತದೇಶದವರೂ ಇದೇ ಬುದ್ಧಿಯನ್ನು ಓಡಿಸಿರುವರು. 1960ರ ದಶಕದ ಆದಿಯಲ್ಲಿ ಸ್ವೀಡನ್ನಿನಲ್ಲಿ, ಕಾಲಿನ ಬಲವಿಲ್ಲದವರು ಜಾರುಬಂಡಿಯಲ್ಲಿ ಕುಳಿತು, ಮೊನೆಯುಳ್ಳ ಎರಡು ಗಿಡ್ಡ ಕೋಲುಗಳಿಂದ ಮಂಜುಗಡ್ಡೆಯನ್ನು ಮೀಟುತ್ತ ಹಾಕಿ ಆಡತೊಡಗಿದರು. 1994ರಲ್ಲಿ ಆ ಆಟವು ನಾರ್ವೆಯ ಲಿಲ್ಲೆಹ್ಯಾಮರಿನಲ್ಲಿ ಪ್ಯಾರಾಲಿಂಪಿಕ್ಸನ್ನು ಸೇರಿತು. ಅಲ್ಲಿ ಕೋಲೇ ಕಾಲು, ಇಲ್ಲಿ ಕಿವಿಯೇ ಕಣ್ಣು.

ಇದರಿಂದ ನೋಡುವವರ ಮೇಲೂ ಒಂದು ಕರ್ತವ್ಯ ಬಿದ್ದಿದೆ. ಚೆಂಡು ಉರುಳುತ್ತಿರುವಾಗ ಅವರು ಬಾಯಿ ಬಿಡಕೂಡದು. ಕ್ರಿಕೆಟ್ಟೆಂದರೆ ಕೇಕೆ, ಶಿಳ್ಳೆ, ತಮಟೆಯೆಂದು ಬಲ್ಲ ನಾಡಿನಲ್ಲಿ ಇದು ಕಠಿನವಾದ ವ್ರತವೇ ಸರಿ. ಆಟಗಾರನ ಮೇಲಿನ ಅಭಿಮಾನದಿಂದ ಕೂಗಿದವನು ಆಟಗಾರನ ಕಣ್ಣನ್ನೇ ಕಟ್ಟಿದಂತಾಗುತ್ತದೆ.

ಆದರೆ ಮೈದಾನದಲ್ಲಿರುವ ಏರ್ಪಾಟು ಮೈದಾನದ ಹೊರಗೆ ಇಲ್ಲ. ಅದೇ ಪಂದ್ಯಾವಳಿಯ ಕಾಲದಲ್ಲಿ ಪಾಕಿಸ್ತಾನದ ನಾಯಕ ಜೀಶಾನ್ ಅಬ್ಬಾಸಿಯವರು ತಾವು ಇಳಿದಿದ್ದ ಹೋಟೆಲಿನಲ್ಲಿ ಬೆಳಗಿನ ಉಪಾಹಾರದ ಹೊತ್ತಿನಲ್ಲಿ, ನೀರೆಂದು ತಿಳಿದು ಫಿನಾಯಿಲು ಬೆರೆತ ದ್ರವವನ್ನು ಕುಡಿದು ಆಸ್ಪತ್ರೆಯನ್ನು ಸೇರಬೇಕಾಯಿತು, ದೈವವಶಾತ್ ಪ್ರಾಣಾಪಾಯವಾಗಲಿಲ್ಲ. ಅತಿವೇಗದ ಚೆಂಡನ್ನು ಸದ್ದಿನಿಂದಲೇ ಪತ್ತೆಹಚ್ಚಿದ ಕಿವಿಗೆ ಮೇಜಿನ ಮೇಲಿನ ಬಾಟಲಿಯು ಏನನ್ನೂ ಹೇಳಲಿಲ್ಲ. ಅದನ್ನು ಅಲ್ಲಿ ಇರಿಸಿದವರಿಗೆ ಕಣ್ಣಿತ್ತು. ಅಂಧರನ್ನು ಪ್ರಜ್ಞಾಚಕ್ಷುಗಳೆಂದು ಕೊಂಡಾಡುವ ಪದವು ಸಂಸ್ಕೃತದಲ್ಲಿ ಉಂಟು. ಇಂತಹ ಎಡೆಯಲ್ಲಿ ಆ ಪದದಿಂದ ಯಾವ ಪ್ರಯೋಜನವೂ ಇಲ್ಲ.

2025ರ ನವೆಂಬರಿನಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪಿನ ಅಂತಿಮ ಪಂದ್ಯ ಕೊಲಂಬೊದಲ್ಲಿ ನಡೆದು, ಭಾರತವು ನೇಪಾಳವನ್ನು ಏಳು ವಿಕೆಟ್ಟುಗಳಿಂದ ಗೆದ್ದಿತು. ಆ ತಂಡದ ನಾಯಕಿ ದೀಪಿಕಾ ಟಿ. ಸಿ. ಅವರೂ ಕರ್ನಾಟಕದ ಪರವಾಗಿ ಆಡಿದವರೇ. ಇಷ್ಟು ದೂರ ಬಂದಿರುವ ಈ ಆಟದ ಹುಟ್ಟು ಮಾತ್ರ ಬಹಳ ಸಾಮಾನ್ಯವಾದುದು. 1922ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಕಾರ್ಖಾನೆಯ ಅಂಧ ಕೆಲಸಗಾರರು ತಗಡಿನ ಡಬ್ಬಿಯೊಂದರೊಳಗೆ ಕಲ್ಲುಗಳನ್ನು ಹಾಕಿ, ಅದನ್ನೇ ಚೆಂಡಾಗಿ ಮಾಡಿಕೊಂಡು ಆಡಿದರಂತೆ. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳಗಳಲ್ಲೆಲ್ಲ ಹುಡುಗರು ಕ್ರಿಕೆಟ್ ಆಡುವ ಈ ಜಿಲ್ಲೆಯಲ್ಲಿ, ಮಾಲೂರಿನಲ್ಲಾಗಲಿ ಶ್ರೀನಿವಾಸಪುರದಲ್ಲಾಗಲಿ, ತಗಡಿನ ಡಬ್ಬಿಗೂ ಹರಳುಕಲ್ಲಿಗೂ ಬರವಿಲ್ಲ.