ಅಜ್ಜನ ಮನೆ ಎಲ್ಲಿದೆ?

ಬಳ್ಳಾರಿಯಲ್ಲಿ ಬೆಳಗಿನ 7 ಗಂಟೆಯಾದಾಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ 8:30. ಇದು ಚಳಿಗಾಲದ ಲೆಕ್ಕ. ನಾನು ಕಾಫಿ ಲೋಟ ಹಿಡಿದು ಕೂತಾಗ ನನ್ನ ಹತ್ತು ವರ್ಷದ ಮೊಮ್ಮಗಳು ಮಲಗುವ ಮುಂಚೆ ಫೋನ್ ಮಾಡುತ್ತಾಳೆ. ಸಂಕ್ರಾಂತಿ ಮುಗಿದ ವಾರ ಅವಳು ಕೇಳಿದಳು: "ಅಜ್ಜಾ, ಶಾಲೆಯಲ್ಲಿ ನಮ್ಮ ಕುಟುಂಬದ ನಕ್ಷೆ ಮಾಡಬೇಕು. ನಿನ್ನ ಮನೆ ಎಲ್ಲಿದೆ? ಮೂರು ಫೋಟೋ ಕಳಿಸು. ನೀನು ಹುಟ್ಟಿದ್ದು, ರಜೆಗೆ ಹೋಗುತ್ತಿದ್ದದ್ದು, ಈಗ ಇರೋದು."

ಮಕ್ಕಳೇ, ಇದು ಸುಲಭದ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ನನಗೆ ಉತ್ತರ ತಕ್ಷಣ ಹೊಳೆಯಲಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಹೆಂಡತಿ ತೀರಿಕೊಂಡ ಮರುವರ್ಷ, 2016ರಲ್ಲಿ, ಮಗ ತನ್ನ ಬಳಿಗೆ ಕರೆಸಿಕೊಂಡ. ಗ್ರೀನ್ ಕಾರ್ಡ್ ಮಾಡಿಸಿಕೊಟ್ಟ. ಎಂಟು ವರ್ಷ ಅಲ್ಲಿದ್ದೆ. ಮೊಮ್ಮಗಳಿಗೆ ಅನ್ನ ಕಲಸಿ ತಿನ್ನಿಸಿದೆ, ಕೈ ಹಿಡಿದು ಅ ಆ ಇ ಈ ಬರೆಸಿದೆ. ಚೆನ್ನಾಗಿಯೇ ಇದ್ದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿ ಹೋಯಿತು. ಸುದ್ದಿ ಫೋನಿನಲ್ಲಿ ಬಂತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿದು ಹೋಗುತ್ತಿತ್ತು. ಈ ವರ್ಷ ಸಿರುಗುಪ್ಪದ ಗದ್ದೆಗಳ ಗತಿ ಏನು ಎಂದು ನನಗೆ ನಿದ್ದೆ ಹತ್ತಲಿಲ್ಲ. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಮುಂದೆ ನಿಂತು ಮಾಡಿಸಿದವರು ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರು. ನಿವೃತ್ತಿಯ ವಯಸ್ಸು ಎಂದೋ ದಾಟಿದವರು. ಅವರನ್ನು ಫೋನಿನಲ್ಲಿ ನೋಡುತ್ತಾ, "ನಾನು ಇಲ್ಲಿ ಕೂತು ಏನು ಮಾಡುತ್ತಿದ್ದೇನೆ?" ಅನ್ನಿಸಿತು. ಆ ನವೆಂಬರಿನಲ್ಲಿ ಊರಿಗೆ ಬಂದುಬಿಟ್ಟೆ.

ಬಂದ ಮೇಲೆ ಸುಖವಾಗಿದ್ದೀರಾ ಎಂದು ಎಲ್ಲರೂ ಕೇಳುತ್ತಾರೆ. ಹೌದು ಅನ್ನುತ್ತೇನೆ. ಅದು ಅರ್ಧ ಸತ್ಯ.

ಮೊದಲ ಫೋಟೋಕ್ಕೆ ಸಿರುಗುಪ್ಪದ ಬಸ್ಸು ಹತ್ತಿದೆ. ನಾನು ಹೋಗುವಾಗ ಬಸ್ಸಿನ ಮೇಲೆ ಈಶಾನ್ಯ ಸಾರಿಗೆ ಎಂದಿತ್ತು, ಈಗ ಕಲ್ಯಾಣ ಕರ್ನಾಟಕ ಸಾರಿಗೆ. ಹೆಂಗಸರು ದುಡ್ಡು ಕೊಡದೆ ಟಿಕೆಟ್ ತೆಗೆದುಕೊಳ್ಳುವುದನ್ನು ಬೆರಗಿನಿಂದ ನೋಡಿದೆ. ಪಕ್ಕದ ಅಜ್ಜಿ, "ಎಲ್ಲಿಂದ ಬಂದಿಯಪ್ಪಾ? ಇದು ಆಗಿ ಎಷ್ಟು ದಿನ ಆತು!" ಎಂದು ನಕ್ಕರು. ಹಂಪಿ, ಹೊಸಪೇಟೆ ಕೂಡ ಈಗ ನಮ್ಮ ಜಿಲ್ಲೆಯಲ್ಲಿಲ್ಲ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು.

ತೆಕ್ಕಲಕೋಟೆ ದಾಟಿದ ಮೇಲೆ ಗಾಳಿಯಲ್ಲಿ ಭತ್ತದ ವಾಸನೆ. ಸುಮಾರು 55 ಕಿಲೋಮೀಟರಿನ ದಾರಿ. ಸಿರುಗುಪ್ಪ ಎಂದರೆ ಹೊಳೆ, ಕಾಲುವೆ, ಭತ್ತ, ರೈಸ್ ಮಿಲ್ಲು. ಅಣೆಕಟ್ಟು ಬರುವ ಎಷ್ಟೋ ಮೊದಲೇ ಇಲ್ಲಿ ವಿಜಯನಗರದ ಕಾಲದ ಕಾಲುವೆಗಳಿದ್ದವು. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಅಂಥವೇ.

ನಾನು ಹುಟ್ಟಿದ್ದು ಇಲ್ಲೇ, 1951ರಲ್ಲಿ. ಆಗ ಇದು ಮದ್ರಾಸ್ ರಾಜ್ಯ. 1953ರ ಅಕ್ಟೋಬರ್ 1ರಂದು ಸಿರುಗುಪ್ಪ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆದೋನಿಗೆ ಮದುವೆಯಾಗಿ ಹೋಗಿದ್ದ ನಮ್ಮ ಅತ್ತೆ ಬೆಳಗಾಗುವುದರೊಳಗೆ ಬೇರೆ ರಾಜ್ಯದವಳಾದಳು. 1973ರ ನವೆಂಬರ್ 1ರಂದು ಮೈಸೂರು ಕರ್ನಾಟಕವಾಯಿತು. ನೋಡಿ, ಮನೆ ಬದಲಿಸದೆಯೇ ಮೂರು ಹೆಸರಿನ ರಾಜ್ಯಗಳಲ್ಲಿ ಇದ್ದವನು ನಾನು!

ಆದರೆ ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಗೊಬ್ಬರದ ಅಂಗಡಿ. ನಮ್ಮಪ್ಪ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಕಟ್ಟೆಯ ಜಾಗದಲ್ಲಿ ಯೂರಿಯಾ ಚೀಲಗಳು. ಅಂಗಡಿಯ ಹುಡುಗ, "ಏನು ಬೇಕ್ರಿ ಸರ?" ಎಂದ. ಏನು ಹೇಳಲಿ? "ಏನಿಲ್ಲಪ್ಪಾ" ಎಂದು ಹೊಳೆಯ ಕಡೆ ನಡೆದೆ. ಮರಳಿನ ನಡುವೆ ತೆಳ್ಳಗೆ ನೀರು ಹರಿಯುತ್ತಿತ್ತು. ಅದರ ಫೋಟೋ ತೆಗೆದೆ.

ಮರುದಿನ ಕುರುಗೋಡು. ಬಳ್ಳಾರಿಯಿಂದ ಸುಮಾರು 30 ಕಿಲೋಮೀಟರ್. ಅದು ನಮ್ಮ ತಾಯಿಯ ತವರು, ನನ್ನ ರಜೆಯ ಊರು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕೈಕೆಳಗೆ ಸಿಂದರು ಇಲ್ಲಿಂದ ಆಳಿದರು. ಬಂಡೆಗಳ ಗುಡ್ಡ, ಮೇಲೆ ಕೋಟೆ, ಕೆಳಗೆ ಹಳೆಯ ಕಲ್ಲಿನ ಗುಡಿಗಳು. ಎಲ್ಲಕ್ಕಿಂತ ದೊಡ್ಡವನು ದೊಡ್ಡಬಸವೇಶ್ವರ. ಅಷ್ಟು ದೊಡ್ಡ ನಂದಿಯ ಮುಖ ನೋಡಬೇಕಾದರೆ ಕತ್ತೆತ್ತಬೇಕು. ಚಿಕ್ಕವನಿದ್ದಾಗ ಬಸವಣ್ಣ ದೊಡ್ಡವನಾಗಿ ಕಂಡದ್ದು ನಾನು ಚಿಕ್ಕವನಾಗಿದ್ದರಿಂದ ಇರಬೇಕು ಎಂದು ಅಮೆರಿಕದಲ್ಲಿ ಎಷ್ಟೋ ಸಲ ಅಂದುಕೊಂಡಿದ್ದೆ. ಅಲ್ಲ. ಅವನು ಈಗಲೂ ಅಷ್ಟೇ ದೊಡ್ಡವನು. ಯಾಕೋ ಬಹಳ ಸಮಾಧಾನವಾಯಿತು.

ಗುಡಿಯ ಹೊರಗೆ ಸೋದರಮಾವನ ಮೊಮ್ಮಗ ಸಿಕ್ಕ. ಮನೆಗೆ ಕರೆದೊಯ್ದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ಎಲ್ಲರೂ ಕೇಳಿದ್ದು ಒಂದೇ: "ಅಷ್ಟು ಚಲೋ ದೇಶ ಬಿಟ್ಟು ಯಾಕ ಬಂದ್ರಿ?" ಅಲ್ಲಿ ಇದ್ದಾಗಲೂ ಎಲ್ಲರೂ ಒಂದೇ ಕೇಳುತ್ತಿದ್ದರು: "ಊರಿಗೆ ಯಾವಾಗ ಹೋಗ್ತೀರಿ?"

ಬಳ್ಳಾರಿಗೆ ಮರಳಿ ಬಂದ ರಾತ್ರಿ ಹಳೆಯ ಅಭ್ಯಾಸದಂತೆ ಕಾಗದದ ನಡುವೆ ಗೆರೆ ಎಳೆದು ಜಮಾ ಖರ್ಚು ಬರೆದೆ. ಇಲ್ಲಿಯ ಜಮಾ: ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಿರ್ಚಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ನಿಂತು ಮಾತಾಡಿಸುವ ಜನ, ಯಾರ ಕಾರಿಗೂ ಕಾಯದೆ ಹೊರಗೆ ಹೋಗುವ ಸ್ವಾತಂತ್ರ್ಯ. ಖರ್ಚು: ದೂಳು, ಕಾಲಿಡಲು ಫುಟ್‌ಪಾತ್ ಇಲ್ಲದ ರಸ್ತೆ, ಸಂಜೆ ಕಟ್ಟೆಯ ಮೇಲೆ ಕೂರುತ್ತಿದ್ದ ಐದು ಗೆಳೆಯರಲ್ಲಿ ಉಳಿದಿರುವ ಒಬ್ಬ. ಪಿಂಚಣಿಗಾಗಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ "ನಾನು ಬದುಕಿದ್ದೇನೆ" ಎಂದು ಪ್ರಮಾಣ ಪತ್ರ ಕೊಡುವಾಗ ಕೌಂಟರಿನ ಆಚೆ ಒಂದು ಪರಿಚಯದ ಮುಖವೂ ಇರಲಿಲ್ಲ. ಅಲ್ಲಿಯ ಜಮಾ: ಗ್ರಂಥಾಲಯ, ಮರದ ನೆರಳಿನ ನಡೆದಾಡುವ ದಾರಿ, ಮತ್ತು ಮೊಮ್ಮಗಳು. ಕೊನೆಯದನ್ನು ಬರೆದ ಮೇಲೆ ಲೆಕ್ಕ ಟ್ಯಾಲಿ ಆಗಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಲೆಕ್ಕ ಬರೆದವನು ಹಾಗೇ ಪುಸ್ತಕ ಮುಚ್ಚಿ ಮಲಗಿದೆ.

ಲೆಕ್ಕಕ್ಕೆ ಒಂದು ಗಡುವೂ ಇದೆ. ಗ್ರೀನ್ ಕಾರ್ಡ್ ಇದ್ದವರು ಮೊದಲೇ ಅನುಮತಿ ಪತ್ರ ಪಡೆಯದೆ ವರ್ಷಕ್ಕಿಂತ ಹೆಚ್ಚು ಕಾಲ ಆ ದೇಶದ ಹೊರಗಿದ್ದರೆ, ಅದನ್ನು ತೋರಿಸಿ ಮತ್ತೆ ಒಳಗೆ ಹೋಗುವುದು ಕಷ್ಟ. ನನ್ನ ವರ್ಷ ಈ ನವೆಂಬರಿಗೆ ಮುಗಿಯುತ್ತದೆ.

ಮೂರನೆಯ ಫೋಟೋ ಬಳ್ಳಾರಿ ಗುಡ್ಡದ್ದು. ಮೇಲಿನ ಕೋಟೆ ವಿಜಯನಗರದ ಕಾಲದ ಹನುಮಪ್ಪ ನಾಯಕ ಕಟ್ಟಿಸಿದ್ದು, ಕೆಳಗಿನದು ಹೈದರ್ ಅಲಿಯ ಕಾಲದ್ದು. ಹೈದರನಿಗೆ ಕೋಟೆ ಸರಿಪಡಿಸಿಕೊಟ್ಟ ಫ್ರೆಂಚ್ ಎಂಜಿನಿಯರನ ಕಥೆ ನಮ್ಮೂರಿನ ಮಕ್ಕಳಿಗೆಲ್ಲ ಗೊತ್ತು. ಎದುರಿನ ಕುಂಬಾರ ಗುಡ್ಡ ಇನ್ನೂ ಎತ್ತರ, ಅಲ್ಲಿಂದ ಶತ್ರುಗಳು ಗುಂಡು ಹಾರಿಸಬಹುದು ಎಂದು ಆಮೇಲೆ ಗೊತ್ತಾಗಿ, ಪಾಪ, ಅವನನ್ನು ಗಲ್ಲಿಗೆ ಹಾಕಿದರಂತೆ. ದೂರದಿಂದ ಬಂದು ಬೇರೆಯವರ ಊರಿನಲ್ಲಿ ಸತ್ತವನು. ಚಿಕ್ಕಂದಿನಲ್ಲಿ ಅವನ ಬಗ್ಗೆ ನಾನು ಯೋಚಿಸಿರಲಿಲ್ಲ. ಈಗ ಯೋಚಿಸುತ್ತೇನೆ.

ಮೂರೂ ಫೋಟೋ ಕಳಿಸಿದೆ. ಮರುದಿನ 7 ಗಂಟೆಗೆ ಫೋನ್ ಬಂತು. "ಅಜ್ಜಾ, ಒಂದರಲ್ಲೂ ನೀನೇ ಇಲ್ಲವಲ್ಲ!"

ಮತ್ತೆ ಗುಡ್ಡಕ್ಕೆ ಹೋದೆ. ಮೊಣಕಾಲು ಅರ್ಧ ದಾರಿಗೇ ಸಾಕೆಂದಿತು. ಅಲ್ಲೇ ಕೂತು, ಇಳಿದು ಬರುತ್ತಿದ್ದ ಶಾಲೆಯ ಹುಡುಗನನ್ನು ಕರೆದು ಫೋನ್ ಕೊಟ್ಟೆ. ಅವನು ಫೋಟೋ ತೆಗೆದು, "ತಾತಾ, ಯಾವೂರು ನಿಮ್ಮದು?" ಎಂದ.

"ಇದೇ ಊರು."

"ಮತ್ತೆ ಹೊಸಬರ ಹಾಗೆ ಫೋಟೋ ತೆಗೆಸ್ಕೊಂತೀರಿ!"

ಇಬ್ಬರೂ ನಕ್ಕೆವು.

ಆ ಸಂಜೆ ಮಗನಿಗೆ ಹೇಳಿದೆ: ಕಾರ್ಡ್ ವಾಪಸು ಕೊಟ್ಟುಬಿಡೋಣ. ಬರಬೇಕೆನ್ನಿಸಿದಾಗ ವೀಸಾ ಕೇಳಿ ನೆಂಟನಂತೆ ಬರುತ್ತೇನೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅವಳ ಕಾಲಿನ ಸಪ್ಪಳ ಬೇಕೆನ್ನಿಸುತ್ತದೆ.

ಮೊಮ್ಮಗಳು ಮಾತ್ರ ತನ್ನ ಲೆಕ್ಕ ಮುಗಿಸಿದ್ದಾಳೆ. ನಕ್ಷೆಯಲ್ಲಿ ಎರಡು ಮನೆ ಬರೆದು ಎರಡಕ್ಕೂ ಕನ್ನಡದಲ್ಲಿ 'ಅಜ್ಜನ ಮನೆ' ಎಂದು ಬರೆದಿದ್ದಾಳೆ. ಜ್ಜ ಒತ್ತು ಸ್ವಲ್ಪ ಸೊಟ್ಟಗಿದೆ. ಜುಲೈ ರಜೆಗೆ ಅವಳು ಬರುತ್ತಾಳೆ. ಅಷ್ಟರಲ್ಲಿ ಮಳೆ ಬಂದರೆ ಸಿರುಗುಪ್ಪದ ಹೊಳೆ ತುಂಬಿರುತ್ತದೆ. ಆ ಒತ್ತನ್ನು ಅಲ್ಲಿ ಮರಳಿನ ಮೇಲೆ ಬರೆಸಿ ತಿದ್ದಿಸಬೇಕು.