ಬೇಲೂರಿನಲ್ಲೊಂದು ‘ಲೋಬಾಲ್’

ಬೇಲೂರು ಎಂದೊಡನೆ ಚೆನ್ನಕೇಶವ ನೆನಪಾಗುತ್ತಾನೆ. ಇದು ಆ ಬೇಲೂರಲ್ಲ. ಧಾರವಾಡ ದಾಟಿ ಹೆದ್ದಾರಿಯಲ್ಲಿ ಬೆಳಗಾವಿಯತ್ತ ಹೊರಟರೆ ಮುಮ್ಮಿಗಟ್ಟಿಯ ಬಳಿ ಸಿಗುವ ಕೈಗಾರಿಕಾ ಪ್ರದೇಶ. ಟಾಟಾ ಮೋಟಾರ್ಸ್ ಮತ್ತು ಬ್ರೆಜಿಲಿನ ಮಾರ್ಕೊಪೋಲೊ 2006ರಲ್ಲಿ ಕೈಜೋಡಿಸಿದ ಮೇಲೆ ಎದ್ದ ಬಸ್ ಕಾರ್ಖಾನೆ ಇರುವುದು ಇಲ್ಲೇ. ಇಲ್ಲಿ ಶಿಲಾಬಾಲಿಕೆಯರಿಲ್ಲ, ಇರುವುದು ಗೇಟು, ಶೆಡ್ಡು, ಲಾರಿ ಮತ್ತು ಐಟಿಐ, ಡಿಪ್ಲೊಮಾ ಮುಗಿಸಿ ಫೈಲು ಹಿಡಿದು ಬರುವ ಹುಡುಗ ಹುಡುಗಿಯರು.

ಇವರು ಅರಿತಿರಬೇಕಾದ ಇಂಗ್ಲಿಷ್ ಪದವೊಂದಿದೆ: ‘ಲೋಬಾಲ್’. ನಿಜವಾದ ಬೆಲೆ ತಿಳಿದೂ ಬೇಕೆಂದೇ ತೀರಾ ಕಡಿಮೆಗೆ ಕೇಳುವುದು. ನಮ್ಮ ಚೌಕಾಶಿಯೂ ಅದೇ ಅಲ್ಲವೇ ಎನ್ನಬಹುದು. ಪೂರ್ತಿ ಅಲ್ಲ. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವ ಇಬ್ಬರಿಗೂ ಎತ್ತಿನ ಹಲ್ಲು, ಸುಳಿ, ದರ ಎಲ್ಲ ಗೊತ್ತು. ‘ಅರ್ಧಾ ರೇಟಿಗೆ ಕೇಳಾಕತ್ತಿಯಲ್ಲೋ ಮಾರಾಯಾ’ ಎಂದು ನಕ್ಕು ಬೆರಳು ಬದಲಿಸುತ್ತಾರೆ. ಲೋಬಾಲ್ ನಾಟುವುದು ತನ್ನ ದರ ತನಗೇ ಗೊತ್ತಿಲ್ಲದವನಿಗೆ. ಮೊದಲ ಸಂದರ್ಶನದಲ್ಲಿ ‘ಎಷ್ಟು ಸಂಬಳ ಬೇಕು?’ ಎಂದರೆ ‘ನೀವು ಎಷ್ಟ್ ಕೊಡ್ತೀರಿ ಅಷ್ಟ್ರಿ ಸರ್’ ಎನ್ನುವವನಿಗೆ.

ಈ ಪದಕ್ಕೆ ಇನ್ನೊಂದು ಮುಖವಿದೆ. ಅದೇ ಹೆಚ್ಚು ಅಪಾಯದ್ದು. ಅಮೆರಿಕದ ಕಾರು ಮಾರುವವರ ಹಳೆಯ ವರಸೆ: ಅಗ್ಗದ ಬೆಲೆ ಹೇಳಿ ಒಪ್ಪಿಸಿ, ಆಮೇಲೆ ಏರಿಸುವುದು. ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು 1978ರಲ್ಲಿ ಇದರ ಮೇಲೆ ಅಧ್ಯಯನ ಪ್ರಕಟಿಸಿದರು. ಬೆಳಿಗ್ಗೆ 7 ಗಂಟೆಗೆ ಪ್ರಯೋಗಕ್ಕೆ ಬರುವಿರಾ ಎಂದು ನೇರವಾಗಿ ಕೇಳಿದಾಗ ಶೇ 31ರಷ್ಟು ವಿದ್ಯಾರ್ಥಿಗಳು ಒಪ್ಪಿದ್ದರು. ಮೊದಲು ಹೂಂ ಎನ್ನಿಸಿ ಆಮೇಲೆ ಹೊತ್ತು ತಿಳಿಸಿದಾಗ ಶೇ 56ರಷ್ಟು. ಒಮ್ಮೆ ಒಪ್ಪಿದ ನಾಲಿಗೆ ಹಿಂದೆ ಸರಿಯಲು ನಾಚುತ್ತದೆ. ನೌಕರಿಯಲ್ಲೂ ಹೀಗಾಗುವುದುಂಟು: ಸೇರುವಾಗ ಎಂಟು ತಾಸು, ಸೇರಿದ ಮೇಲೆ ಹನ್ನೆರಡು, ಬಸ್ಸು, ಕ್ಯಾಂಟೀನು ಎಂದು ಸಂಬಳದಲ್ಲಿ ಮುರಿದುಕೊಳ್ಳುವುದು ಬೇರೆ. ಊರಲ್ಲಿ ಪೇಢೆ ಹಂಚಿಯಾಗಿರುತ್ತದೆ, ಬಿಡುವುದು ಹೇಗೆ?

ಸಂಬಳಕ್ಕೊಂದು ತಳ ಇರಬೇಕೆಂದು ನಮ್ಮಲ್ಲಿ ಕಾನೂನು ಬಂದದ್ದು 1948ರಲ್ಲಿ. ಕೆಲಸಗಾರ ತಾನೇ ಸಹಿ ಹಾಕಿ ಕೊಟ್ಟರೂ ಕನಿಷ್ಠ ವೇತನಕ್ಕಿಂತ ಕಡಿಮೆಯ ಕರಾರು ನಿಲ್ಲದು ಎಂದು ಆ ಕಾನೂನೇ ಹೇಳಿತ್ತು. ಆ ತಳದ ಮೇಲಿನದ್ದನ್ನು ಮಾತ್ರ ಕೇಳಿಯೇ ಪಡೆಯಬೇಕು. ಹೋದ ವರ್ಷ ಅದೇ ಗೇಟಿನೊಳಗೆ ಹೋದ ಹಿರಿಯ ವಿದ್ಯಾರ್ಥಿಗೆ ಎಲ್ಲ ಕಡಿತ ಕಳೆದು ಕೈಗೆ ಬರುವುದೆಷ್ಟು, ಪಾಳಿ ಎಷ್ಟು ತಾಸು, ಇದೆಲ್ಲ ಕಾಗದದ ಮೇಲೆ ಇದೆಯೇ? ವಧೂವರರ ಮನೆತನ ವಿಚಾರಿಸಲು ಮೂರು ಊರು ಸುತ್ತುವ ನಮ್ಮ ತಂದೆತಾಯಿಗೆ ಇದೇನು ದೊಡ್ಡ ಕೆಲಸವಲ್ಲ.