ಹೊಂಗೆಯೋ, ಕಬ್ಬೋ?

ಮನೆಯಲ್ಲೇ ಇಂಧನ ಮಾಡಿಕೊಳ್ಳುವ ಹುಚ್ಚಿದ್ದರೆ ನನ್ನ ಓಟು ಬಯೋಡೀಸೆಲ್‌ಗೆ. ಹೊಂಗೆ ಎಣ್ಣೆಯೋ, ಬೋಂಡಾ ಕರಿದು ಉಳಿದದ್ದೋ, ಸೋಸಿ ಬೆಚ್ಚಗೆ ಮಾಡಿ, ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಬೆರೆಸಿ ಚೆನ್ನಾಗಿ ಕಲಕಿಟ್ಟರೆ, ಬೆಳಗಾಗುವಷ್ಟರಲ್ಲಿ ಕಂದು ಗ್ಲಿಸರಿನ್ ತಳಕ್ಕಿಳಿದು ಮೇಲೆ ಹೊಂಬಣ್ಣದ ಬಯೋಡೀಸೆಲ್ ನಿಂತಿರುತ್ತದೆ. (ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ, ಅಡುಗೆಮನೆಯ ಹತ್ತಿರವೂ ತರಬೇಡಿ.)

ಕಬ್ಬಿನ ಎಥನಾಲ್ ಹಾಗಲ್ಲ. ಕಾಕಂಬಿ ಹುಳಿ ಬರಿಸಿ ಎಷ್ಟೇ ಬಟ್ಟಿ ಇಳಿಸಿದರೂ ಸುಮಾರು ಶೇ 95ಕ್ಕೇ ನಿಲ್ಲುತ್ತದೆ. ಉಳಿದ ನೀರು ತೆಗೆಯಲು ಬೇರೆಯೇ ಸಲಕರಣೆ ಬೇಕು. ಅಷ್ಟರಲ್ಲಿ ಅಬಕಾರಿಯವರು ಬಾಗಿಲು ತಟ್ಟಿರುತ್ತಾರೆ! ಶಕ್ತಿಯೂ ಕಡಿಮೆ: ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟು. ಬಯೋಡೀಸೆಲ್ ಡೀಸೆಲ್‌ಗಿಂತ ಶೇ 10ರಷ್ಟು ಹಿಂದೆ, ಅಷ್ಟೆ.

ಅಂದಹಾಗೆ, ಮನೆಯ ಬಯೋಡೀಸೆಲ್ ಹಳೇ ಡೀಸೆಲ್ ಪಂಪ್‌ಸೆಟ್ಟಿಗೆ ಸರಿ. ಪೆಟ್ರೋಲ್ ಬೈಕಿಗೆ ಮಾತ್ರ ಹಾಕಬೇಡಿ ಮಾರಾಯ್ರೇ.